ಕುಬಸದ ಸೀರೆ ಹುಡುಕಿದವರಿಗೆ ಸಿಕ್ಕ ಕಥೆ

ಆ ಕಥೆಯನ್ನು ಬರೆದವಳು ನಾನು.

ಯಾವ ಪತ್ರಿಕೆಯವರೂ ಅಲ್ಲ. ಆ ಕಥೆ ಯಾರದೋ ಅವಳ ವಾರಗಿತ್ತಿ, ಬೇವೂರಿನಲ್ಲಿರುವ ನೆಗೆಣ್ಣಿ, ಬಾಯಿಬಿಟ್ಟದ್ದೂ ಅಲ್ಲ. ಫೋನಿನಲ್ಲಿ 'ಇಳಕಲ್ ಕುಬಸದ ಸೀರೆ' ಎಂದು ಹುಡುಕಿದವರಿಗೆ ಎಲ್ಲಕ್ಕಿಂತ ಮೇಲೆ ಕಾಣಿಸುತ್ತಿದ್ದ ಆ ಕಥೆ — ಓದಿದವರು ಕಣ್ಣೊರೆಸಿಕೊಂಡು ಮತ್ತೊಬ್ಬರಿಗೆ ಕಳಿಸಿದ ಆ ಕಥೆ — ನನ್ನ ಮೇಜಿನ ಮೇಲೆ, ನನ್ನ ಕೈಯಿಂದ, ಬೆಳಗಿನ ಚಹಾ ಮುಗಿದ ಮೇಲೆ, ತಿದ್ದಿ ತೀಡಿ ಬರೆದದ್ದು. ಬರೆಯುವಾಗ ಅದು ತಪ್ಪೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವುದಾದರೆ ಇದನ್ನು ಬರೆಯುವುದಕ್ಕೆ ಅರ್ಥವಿಲ್ಲ.

ಅವಳನ್ನು ಇಲ್ಲಿ ಗೆಳತಿ ಎಂದಷ್ಟೇ ಕರೆಯುತ್ತೇನೆ. ಹೆಸರು ಹಾಕಿದರೆ ಹುಡುಕುತಾಣ ಇದನ್ನೂ ಆ ಹೆಸರಿಗೆ ಕಟ್ಟಿಬಿಡುತ್ತದೆ. ಅದು ಹೇಗೆ ಕಟ್ಟುತ್ತದೆ ಎಂಬುದು ಈಗ ನನಗೆ ಬೇಕಾದ್ದಕ್ಕಿಂತ ಚೆನ್ನಾಗಿ ಗೊತ್ತು. ಈ ಸಲ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ. ಹೆಸರೊಂದ ಬ್ಯಾಡ," ಅಂದಳು. ಮತ್ತೆ, "ಬರದ ಮ್ಯಾಲೆ ಮೊದಲ ನನಗ ಓದಿ ಹೇಳ್ರಿ," ಅಂದಳು. ಆ ಎರಡನೆಯ ಮಾತು ಕೇಳುವ ಹಕ್ಕು ಅವಳಿಗೆ ಮೊದಲೇ ಇತ್ತು. ನಾನು ಕೊಟ್ಟಿರಲಿಲ್ಲ.

ನಾನು ಹುನಗುಂದದವಳು. ಬಾಗಲಕೋಟೆಯ ದವಾಖಾನೆಯೊಂದರಲ್ಲಿ ನರ್ಸ್ ಆಗಿ ಸೇರಿ, ಮೇಟ್ರನ್ ಆಗಿ ನಿವೃತ್ತಳಾದೆ. ಮದುವೆಯಾಗಲಿಲ್ಲ, ಅದರ ಬಗ್ಗೆ ಹೇಳುವಂಥದ್ದೂ ಏನಿಲ್ಲ. ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಹಾಸಿಗೆಯ ಮೂಲೆ ಸರಿಯಾಗಿ ಮಡಚದಿದ್ದರೆ ಇಡೀ ಹಾಸಿಗೆಯನ್ನು ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಅಲ್ಲಿ ಕಲಿತದ್ದು ಮೈಗೆ ಹತ್ತಿಬಿಟ್ಟಿದೆ. ಇವತ್ತಿಗೂ ನಸುಕಿಗೆ ಏಳುತ್ತೇನೆ, ಹಾಸಿಗೆ ಮಡಚುತ್ತೇನೆ, ಅಂಗಳ ಗುಡಿಸುತ್ತೇನೆ, ಆಮೇಲೆ ಚಹಾ. ಈ ಕ್ರಮ ತಪ್ಪಿದರೆ ದಿನವೆಲ್ಲ ಏನೋ ಕಳೆದುಕೊಂಡ ಹಾಗೆ. ಹಾಸ್ಟೆಲ್ಲಿನಲ್ಲಿ ಕಲಿಸಿದ ಇನ್ನೊಂದು ವಿಷಯವೂ ಇತ್ತು — ವಾರ್ಡಿನಲ್ಲಿ ಕಂಡದ್ದು, ಕೇಳಿದ್ದು ವಾರ್ಡಿನಲ್ಲೇ ಉಳಿಯಬೇಕು. ಸೇವೆಯಲ್ಲಿರುವವರೆಗೆ ಅದನ್ನು ಒಂದು ದಿನವೂ ಮೀರಲಿಲ್ಲ. ಮಂದಿ ಮದುವೆಗಳಲ್ಲಿ ನನ್ನನ್ನು ಮೂಲೆಗೆ ಕರೆದು, ಇಂಥವಳಿಗೆ ಏನಾಗಿತ್ತು, ಅಂಥವಳು ಯಾಕೆ ಬಂದಿದ್ದಳು ಎಂದು ಕೇಳುತ್ತಿದ್ದರು. ಊಟಕ್ಕೇಳೋಣ ಬನ್ನಿ ಎಂದು ಎದ್ದುಬಿಡುತ್ತಿದ್ದೆ.

ನಿವೃತ್ತಿಯಾದ ಮೇಲೆ ಇಳಕಲ್ಲಿನಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದೆ. ಪಕ್ಕದ ಮನೆ ಗೆಳತಿಯದು. ಗಂಡ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುವ ಮಿತಭಾಷಿ. ಒಬ್ಬಳೇ ಮಗಳು, ಬಾದಾಮಿಗೆ ಕೊಟ್ಟಿದ್ದಾರೆ. ಗೆಳತಿ ಇಳಕಲ್ ಸೀರೆಗಳ ಮೇಲೆ ಕಸೂತಿ ಹಾಕುತ್ತಾಳೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತ ಹೋಗುತ್ತಾಳೆ. ದಾರಕ್ಕೆ ಗಂಟು ಹಾಕುವುದಿಲ್ಲ. ಸೆರಗನ್ನು ತಿರುವಿ ನೋಡಿದರೆ ಮೇಲಿದ್ದ ಹಾಗೆಯೇ ಕೆಳಗೂ ಇರುತ್ತದೆ.

ಮಾಡುವ ಕೆಲಸದಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಕುಬಸದ ಸೀರೆ. ಚೊಚ್ಚಲ ಬಸುರಿಗೆ ಮಡಿಲು ತುಂಬಿ, ಹೊಸ ಸೀರೆ ಉಡಿಸಿ, ಬಯಸಿದ್ದನ್ನೆಲ್ಲ ಮಾಡಿ ಬಡಿಸುವ ಕಾರ್ಯಕ್ಕೆ ನಮ್ಮ ಕಡೆ ಕುಬಸ ಅನ್ನುತ್ತೇವೆ. ಹಳೆಯ ಮನೆತನಗಳಲ್ಲಿ ಅದಕ್ಕೆ ಕಪ್ಪು ಚಂದ್ರಕಾಳಿ ಸೀರೆಯೇ ಆಗಬೇಕು, ಅದರ ಸೆರಗಿಗೆ ಕಸೂತಿಯ ತೊಟ್ಟಿಲು ಇರಬೇಕು. ಓಣಿಯಲ್ಲಿ ಯಾರ ಮನೆಯಲ್ಲಿ ಕುಬಸವಾದರೂ ಸೀರೆ ಗೆಳತಿಯ ಕೈಗೆ ಬರುತ್ತಿತ್ತು. ಕಾರ್ಯದ ದಿನ ಅವಳೇ ಹೋಗಿ ಬಸುರಿಗೆ ಆ ಸೀರೆ ಉಡಿಸಿ, ಸೆರಗು ಸರಿಮಾಡಿ, ಅಡುಗೆಮನೆಯ ಹೆಂಗಸರನ್ನೆಲ್ಲ ನಗಿಸಿ ಬರುತ್ತಿದ್ದಳು. ಅವತ್ತು ಅವಳ ಮುಖ ನೋಡಬೇಕಿತ್ತು. ತನ್ನದೇ ಮಗಳ ಕುಬಸ ಮುಗಿಸಿ ಬಂದವಳ ಹಾಗೆ ಇರುತ್ತಿತ್ತು.

ನಾನು ಮನೆ ಹೊಕ್ಕ ವಾರದಲ್ಲೇ ರೊಟ್ಟಿ, ಶೇಂಗಾ ಹಿಂಡಿ ತಂದುಕೊಟ್ಟಳು. ತಾಟು ಇಟ್ಟು ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು.

"ನೀವು ಬಾಗಲಕೋಟಿ ದವಾಖಾನ್ಯಾಗ ಇದ್ರಲ್ರಿ? ಬಾಣಂತ್ಯಾರ ವಾರ್ಡಿನ್ಯಾಗ?"

ಹೌದೆಂದೆ.

"ಕರೀ ಸೀರಿ ಉಟ್ಟಾಕಿ ಒಬ್ಬಾಕಿ ಬಂದಿದ್ಳು ನೋಡ್ರಿ, ತೊಟ್ಟಲದ್ದು... ನಾನ ಅದು."

ಸೀರೆ ನೆನಪಿತ್ತು. ಬಹಳ ವರ್ಷಗಳ ಹಿಂದಿನ ಮಾತು, ಆದರೂ ಸೀರೆ ಕಣ್ಣಿಗೆ ಕಟ್ಟಿದಂತಿತ್ತು. ಮದುವೆಯಾಗಿ ಬೇವೂರಿಗೆ ಬಂದ ಹುಡುಗಿ ತನ್ನ ಕುಬಸಕ್ಕೆ ತಾನೇ ಕಸೂತಿ ಹಾಕಿಕೊಂಡಿದ್ದಳು. ಅವಳ ಕೈಯಿಂದಾದ ಮೊದಲ ಸೀರೆ ಅದು. ಕುಬಸದ ಮರುದಿನವೇ ನೋವು ಬಂದು, ಉಟ್ಟ ಸೀರೆಯಲ್ಲೇ ಬಂದಿದ್ದಳು. ಕೂಸು ಜೀವವಿಲ್ಲದೆ ಹುಟ್ಟಿತು. ಜೊತೆಗೆ ಬಂದವರು ಮಾವ ಮತ್ತು ನೆಗೆಣ್ಣಿ. ಮುಂದೆ ಗಂಡ ಹೆಂಡತಿ ಊರು ಬಿಟ್ಟು ಇಳಕಲ್ಲಿಗೆ ಬಂದರು, ಇಲ್ಲಿ ಮಗಳು ಹುಟ್ಟಿದಳು. ಮೊದಲೊಂದು ಕೂಸಿತ್ತೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಮಗಳಿಗೂ ಹೇಳಿಲ್ರಿ. ನಿಮ್ಮ ಹೊಟ್ಟಿಯಾಗ ಇರ್ಲಿ."

"ಇರ್ತೈತಿ," ಅಂದೆ. "ನನ್ನ ಹೊಟ್ಟಿಯಾಗ ಹೋದದ್ದು ಹೊರಗ ಬಂದದ್ದಿಲ್ಲ ಯವ್ವಾ."

ಈ ಮಾತನ್ನು ನಾನು ಹೆಮ್ಮೆಯಿಂದ ಹೇಳಿದ್ದೆ. ಅವಳು ನಂಬಿದಳು. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲೇ ಇಲ್ಲ. ದಿನಾ ಮಧ್ಯಾಹ್ನ ನನ್ನ ಕಟ್ಟೆಗೆ ಬಂದು ಕೂತು ಹೊಲಿಯುತ್ತಿದ್ದಳು. ನಾನು ಪೇಪರು ಓದುತ್ತಿದ್ದೆ. ಎಷ್ಟೋ ವರ್ಷಗಳಿಂದ ಒಬ್ಬಳೇ ಊಟ ಮಾಡಿದವಳಿಗೆ ಪಕ್ಕದಲ್ಲೊಬ್ಬರು ಕೂತು ಮಾತಾಡುವುದೆಂದರೆ... ಇರಲಿ.

ವೆಬ್‌ಸೈಟ್ ಮಾಡುವ ಯೋಚನೆ ನನ್ನದು. ಅವಳ ಸೀರೆಗಳನ್ನು ದಲಾಲರು ಒಯ್ದು ದೂರದ ಊರುಗಳಲ್ಲಿ ಯಾರದೋ ಹೆಸರಿನಲ್ಲಿ ಮಾರುತ್ತಿದ್ದರು. ಅವಳ ಹೆಸರಿನಲ್ಲೇ ಮಾರಬೇಕೆಂದು ನನಗೆ ಹಟ ಹುಟ್ಟಿತು. ಅವಳಿಗೆ ಅದು ತಮಾಷೆ.

"ಇಳಕಲ್‌ಗೆ ಬಂದು ಯಾರನ್ನ ಕೇಳಿದ್ರೂ ನನ್ನ ಮನಿ ತೋರಸ್ತಾರ. ಅದೇನ ಹುಡುಕಾಟ್ರಿ ನಿಮ್ದು?"

"ಬರಲಾರದವರು ಏನ ಮಾಡಬೇಕು?"

"ಬರಲಾರದಷ್ಟು ಬ್ಯಾಸರ ಇದ್ದವರಿಗೆ ಕಸೂತಿ ಸೀರಿ ಯಾಕ ಬೇಕು? ಪ್ರಿಂಟಿನ ಸೀರಿ ಉಡ್ಲಿ!"

ಬಾಗಲಕೋಟೆಯಲ್ಲಿ ಮಹಿಳಾ ಸಂಘಗಳಿಗೆ ನಡೆದ ತರಬೇತಿಗೆ ಸೇರಿದೆ. ಅಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ, ಮುಂದಿನ ಬೆಂಚಿನಲ್ಲಿ ಕೂತವಳೂ ನಾನೇ. ವೆಬ್‌ಸೈಟ್ ಮಾಡಿದರೆ ಸಾಲದು, ಹುಡುಕಿದವರ ಕಣ್ಣಿಗೆ ಬೀಳಬೇಕು ಎಂದು ಕಲಿಸಿದರು. ಜನ ಯಾವ ಪದ ಒತ್ತಿ ಹುಡುಕುತ್ತಾರೋ ಅದು ಶೀರ್ಷಿಕೆಯಲ್ಲಿರಬೇಕು. ಚಿತ್ರದಲ್ಲೇನಿದೆ ಎಂದು ಅಕ್ಷರದಲ್ಲಿ ಬರೆಯಬೇಕು, ಯಂತ್ರಕ್ಕೆ ಕಣ್ಣಿಲ್ಲ. ಬೇರೆ ತಾಣಗಳು ನಮ್ಮ ಪುಟಕ್ಕೆ ದಾರಿ ತೋರಿಸಿದರೆ ನಮ್ಮ ಬೆಲೆ ಏರುತ್ತದೆ. ನನಗೆ ಇದೆಲ್ಲ ಹಿಡಿಸಿತು. ನಿಯಮವಿರುವ ಯಾವ ಕೆಲಸವೂ ನನಗೆ ಹಿಡಿಸುತ್ತದೆ. ಮೊದಮೊದಲು ಅತಿ ಮಾಡಿದೆ — ಸಾಲುಸಾಲಿಗೂ 'ಇಳಕಲ್ ಸೀರೆ' ಎಂದು ತುರುಕಿದೆ. ನಮ್ಮ ಪುಟ ಮೇಲೇರುವ ಬದಲು ಇನ್ನೂ ಕೆಳಗೆ ಹೋಯಿತು. ಅಜೀರ್ಣವಾಯಿತೆಂದು ನಕ್ಕು ಎಲ್ಲ ತೆಗೆದು ಹೊಸದಾಗಿ ಬರೆದೆ. ಬೆಳಿಗ್ಗೆ ಚಹಾ ಆದ ಮೇಲೆ ಹುಡುಕಿ ನೋಡುವುದು, ಎಲ್ಲಿದ್ದೇವೆ ಎಂದು ಕಾಣುವುದು — ವಾರ್ಡಿನಲ್ಲಿ ಜ್ವರ ನೋಡಿದ ಹಾಗೆ. ಜ್ವರ ಇಳಿದರೆ ಸಂತೋಷ, ಇದು ಏರಿದರೆ ಸಂತೋಷ. ಆದರೆ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತು. ದೊಡ್ಡ ದೊಡ್ಡ ಅಂಗಡಿಗಳು ಮೇಲೆ, ನಾವು ಯಾರೂ ತಿರುವಿ ನೋಡದ ಪುಟದಲ್ಲಿ.

ತರಬೇತಿ ಕೊಟ್ಟ ಹುಡುಗಿಗೆ ಫೋನು ಮಾಡಿದೆ. ಅವಳಂದಳು: "ಮೇಡಂ, ಸೀರಿ ಎಲ್ಲಾರೂ ಮಾರ್ತಾರ್ರಿ. ಒಂದ ಕಥಿ ಬೇಕು. ಆಕಿ ಯಾರು, ಯಾಕ ತೊಟ್ಟಲಾನ ಹೊಲೀತಾಳ — ಅಂಥಾದ್ದಿದ್ರ ಮಂದಿ ನಿಂತು ಓದ್ತಾರ."

ಅವಳದೇನೂ ತಪ್ಪಿಲ್ಲ. ಕಥೆ ನನ್ನ ಬಳಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ನಾನು ಮರುದಿನ ಬೆಳಿಗ್ಗೆಯೇ ಬರೆದೆ. ತನ್ನ ಕೈಯಿಂದ ಕಸೂತಿ ಹಾಕಿದ ಮೊದಲ ಕುಬಸದ ಸೀರೆಯುಟ್ಟು ದವಾಖಾನೆಗೆ ಹೋಗಿ ಬರಿಗೈಯಲ್ಲಿ ಮರಳಿದ ತಾಯಿ, ಈಗ ಊರ ಹೆಣ್ಣುಮಕ್ಕಳಿಗೆಲ್ಲ ತೊಟ್ಟಿಲು ಹೊಲಿಯುತ್ತಾಳೆ. ಹೆಸರು ಹಾಕಿದೆ, ಶೀರ್ಷಿಕೆಯಲ್ಲೇ. ಹೆಸರಿಲ್ಲದ ಕಥೆಯನ್ನು ಜನ ನಂಬುವುದಿಲ್ಲ ಎಂದು ಓದಿದ್ದೆ. ನೋಡಿದ್ದನ್ನು ಬರೆದೆ, ನೋಡದ್ದನ್ನೂ ಬರೆದೆ. ಅವಳ ಬೆರಳುಗಳ ಚಿತ್ರ ಹಾಕಿದೆ. ಅವಳಿಗೆ ಒಳ್ಳೆಯದಾಗಲಿ ಎಂದೇ ಬರೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಒಳ್ಳೆಯದೇ ಆಗಿದ್ದರೆ ಪಕ್ಕದ ಮನೆಗೆ ಹೋಗಿ ಕೇಳಿ ಬರುವುದಕ್ಕೆ ಏನು ಅಡ್ಡಿ ಇತ್ತು? ಗೋಡೆಯೊಂದೇ ಅಡ್ಡ. ಕೇಳಿದರೆ ಬೇಡ ಅನ್ನುತ್ತಾಳೆಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಮಂದಿಗೆ ಅವಳು ಕಾಣಬೇಕು ಎನ್ನುವುದಕ್ಕಿಂತ — ಈಗ ಹೇಳಬಲ್ಲೆ — ನಾನು ಹಿಡಿದ ಕೆಲಸ ಮೇಲೇರಬೇಕು ಎಂಬ ಆಸೆ ದೊಡ್ಡದಾಗಿತ್ತು.

ಏರಿತು. ಯಾರೋ ಹಂಚಿದರು, ಇನ್ನಾರೋ ಹಂಚಿದರು. ಹೆಂಗಸರ ವಿಷಯಗಳನ್ನು ಹಾಕುವ ತಾಣವೊಂದು ನಮ್ಮ ಪುಟವನ್ನು ಹಾಗೆಯೇ ಎತ್ತಿ, ಬರೆದವರ ಹೆಸರಿಲ್ಲದೆ, ತನ್ನದೆಂಬಂತೆ ಹಾಕಿಕೊಂಡಿತು. ಅದು ನಮಗಿಂತ ದೊಡ್ಡದು, ನಮಗಿಂತ ಮೇಲೆ ನಿಂತಿತು. ನನಗೆ ಸಿಟ್ಟು ಬಂದದ್ದು ಅಷ್ಟಕ್ಕೆ ಮಾತ್ರ. ಪುಣೆ, ಬೆಂಗಳೂರು, ಸೋಲಾಪುರದಿಂದ ಫೋನುಗಳು ಬರತೊಡಗಿದವು. ಗೆಳತಿ ಒಂದು ದಿನ ಓಡಿಬಂದಳು.

"ಸಿಸ್ಟರ್, ಪುಣೆದಾಕಿ ಫೋನಿನ್ಯಾಗ ಅತ್ಲರಿ! 'ನಿಮ್ಮ ಸೀರಿ ಬಂತು' ಅಂದ್ಳು, ಗೊಳೋ ಅಂತ ಅತ್ಲು. ಯಾಕರ? ಬಣ್ಣ ಬಿಟ್ಟೈತೇನ?"

ನಾನು ನಕ್ಕುಬಿಟ್ಟೆ. "ಪ್ಯಾಟಿ ಮಂದಿ, ಎಲ್ಲಾದಕ್ಕೂ ಅಳ್ತಾರ ತಗಿ," ಅಂದೆ. ಅವಳೂ ನಕ್ಕಳು. ನಾನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಅಂದೇ ಹೇಳಿದ್ದರೆ — ಆದರೆ ಹೇಳಲಿಲ್ಲ.

ದೂರದವರು ಕೊಳ್ಳುತ್ತಿದ್ದರು. ಓಣಿಯವರು ನಿಲ್ಲಿಸಿದರು. ಎದುರು ಮನೆಯ ಆಯಿಯ ಮೊಮ್ಮಗಳಿಗೆ ಮೊದಲ ಬಸುರು. ಸೀರೆ ತಂದಿದ್ದಾರೆಂದು ಗೆಳತಿಗೆ ಗೊತ್ತಿತ್ತು. ಇವತ್ತು ಕೊಡುತ್ತಾರೆ, ನಾಳೆ ಕೊಡುತ್ತಾರೆ ಎಂದು ಕೆಂಪು, ಹಸಿರು, ಹಳದಿ ದಾರದ ಲಡಿಗಳನ್ನು ತೆಗೆದಿಟ್ಟುಕೊಂಡಿದ್ದಳು. ಸೀರೆ ಬೇರೆಯವರಲ್ಲಿಗೆ ಹೋಯಿತು. ಕುಬಸಕ್ಕೆ ಕರೆಯೂ ಬರಲಿಲ್ಲ. ಗೆಳತಿ ನೇರ ಮನುಷ್ಯಳು. ಆಯಿ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುವಾಗ ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು:

"ಯಾಕ ಆಯಿ, ನನ್ನ ಸೂಜಿ ಮೊಂಡ ಆಗೈತೇನು?"

ಆಯಿ ತಲೆ ಎತ್ತಲಿಲ್ಲ. "ಸೂಜಿ ಅಲ್ಲ ಯವ್ವಾ, ಕೈ. ನೀ ಹೊಲದ ಮೊದಲನೇ ಕುಬಸದ ಸೀರಿ ಯಾರ ಉಟ್ಟಿದ್ರು, ಏನಾತು — ಎಲ್ಲಾ ಫೋನಿನ್ಯಾಗ ಬಂದೈತಿ. ನಮ್ಮ ಮೊಮ್ಮಗಳು ಓದಿ ತೋರಿಸಿದ್ಳು. ನಾ ನಿನ್ನ ಬೈಯಾಕತ್ತಿಲ್ಲ. ನಮ್ಮದು ಮೊದಲನೇ ಬಸುರು."

ನಾನು ನನ್ನ ಬಾಗಿಲಲ್ಲೇ ನಿಂತಿದ್ದೆ. ಗೆಳತಿ ಸೀದಾ ನನ್ನ ಕಡೆ ಬಂದಳು, ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಯಾರ ಬರದಾರ್ರಿ ಅದನ್ನ?"

"ಯಾರೋ ಪತ್ರಿಕೆಯವರಿರಬೇಕು," ಅಂದೆ.

"ಅವರಿಗೆ ಹೇಳಿದವರು ಯಾರು? ನೀವಂತೂ ಹೇಳೂದಿಲ್ಲ. ಅದು ನನಗ ಗೊತ್ತೈತಿ."

ನಾನು ನೀರು ತರಲು ತಿರುಗಿದೆ.

"ನೆಗೆಣ್ಣಿ," ಅಂದಳು. "ಆಕೀನ. ಇನ್ನ್ಯಾರಿಗೂ ಗೊತ್ತಿದ್ದಿಲ್ಲ."

ಇಲ್ಲ ಎಂದು ನಾನು ಹೇಳಬಹುದಿತ್ತು. ಪೂರ್ತಿ ಒಪ್ಪಿಕೊಳ್ಳಲು ಧೈರ್ಯವಿಲ್ಲದಿದ್ದರೂ, ಅವಳಾಗಿರಲಿಕ್ಕಿಲ್ಲ ಎಂದಾದರೂ ಅನ್ನಬಹುದಿತ್ತು. ಅದನ್ನೂ ಅನ್ನಲಿಲ್ಲ. ಒಂದು ಲೋಟ ನೀರು ಕೊಟ್ಟೆ. ಅವಳು ಕುಡಿದು, ನನ್ನ ಕೈ ಒತ್ತಿ ಹೋದಳು.

ಅಂದೇ ನಮ್ಮ ಪುಟ ಅಳಿಸಿದೆ. ಅಳಿಸುವುದು ಸುಲಭ. ಆದರೆ ಆ ದೊಡ್ಡ ತಾಣದಲ್ಲಿ ಅದು ಹಾಗೇ ಇತ್ತು, ಅದನ್ನು ನೋಡಿ ಬರೆದುಕೊಂಡ ಇತರ ತಾಣಗಳಲ್ಲೂ ಇತ್ತು. ಅವಳ ಹೆಸರು ಒತ್ತಿದರೆ ಸಾಕು, ಎಲ್ಲಕ್ಕಿಂತ ಮೊದಲು ಅದೇ. ಮಗಳೂ ಅದನ್ನು ಓದಿದಳು. ಬಾದಾಮಿಯಿಂದ ಫೋನು ಮಾಡಿ, "ಯವ್ವಾ, ನನಗೊಬ್ಬ ಅಣ್ಣ ಇದ್ದನೇನ?" ಎಂದು ಕೇಳಿದಳಂತೆ. ಗೆಳತಿ ಅದನ್ನು ನನ್ನ ಮುಂದೆಯೇ ಹೇಳಿ ಅತ್ತಳು. ನಾನು ಬೆನ್ನು ಸವರಿದೆ. ಇದೇ ಕೈಯಿಂದ.

ನೆಗೆಣ್ಣಿ ಪ್ರತಿ ವರ್ಷ ಬನಶಂಕರಿ ಜಾತ್ರೆಗೆ ಹೋಗುವಾಗ ಗೆಳತಿಯನ್ನೂ ಕರೆದುಕೊಂಡು ಹೋಗುತ್ತಿದ್ದಳು. ಆ ಗುಡಿ ಇರುವ ಚೊಳಚಗುಡ್ಡವೇ ಗೆಳತಿಯ ತವರು. ಆ ವರ್ಷ ಬೇವೂರಿನಿಂದ ಬಂದವಳಿಗೆ ಗೆಳತಿ ಬಾಗಿಲು ತೆಗೆಯಲಿಲ್ಲ. ಅವಳು ಬಾಗಿಲು ಬಡಿದು ಬಡಿದು ಸಾಕಾಗಿ ನನ್ನ ಕಟ್ಟೆಗೆ ಬಂದು ಕೂತಳು. "ದೇವರಾಣಿ ನಾ ಯಾರ ಮುಂದೂ ಬಾಯಿ ಬಿಟ್ಟಿಲ್ರಿ ಸಿಸ್ಟರ್. ನೀವರ ಆಕೀಗಿ ಹೇಳ್ರಿ," ಅಂದಳು. ಹೇಳುತ್ತೇನೆ ಎಂದೆ. ಚಹಾ ಮಾಡಿ ಕೊಟ್ಟೆ. ಒಬ್ಬಳೇ ಬಸ್ಸು ಹತ್ತಿ ಹೋದಳು. ನಾನು ಹೇಳಲಿಲ್ಲ. ದಿನ ಹೋಗುತ್ತ ಹೋಗುತ್ತ, ಹೇಳದಿದ್ದುದೇ ಒಂದು ದಿನಚರಿಯಾಯಿತು — ನಸುಕಿಗೆ ಏಳುವುದು, ಹಾಸಿಗೆ ಮಡಚುವುದು, ಅಂಗಳ ಗುಡಿಸುವುದು, ಹೇಳದಿರುವುದು.

ಗೆಳತಿ ಕಟ್ಟೆಗೆ ಬಂದು ಕೂರುವುದು ನಿಲ್ಲಿಸಲಿಲ್ಲ. ಪುಣೆಯವರಿಗೆ ನವಿಲು, ಗೋಪುರ ಹೊಲಿಯುತ್ತಿದ್ದಳು. ತೊಟ್ಟಿಲು ಹೊಲಿಯುವುದು ಬಿಟ್ಟಿದ್ದಳು. ಓಣಿಯಲ್ಲಿ ಸೋಬಾನೆ ಪದ ಕೇಳಿಸಿದ ದಿನ ಸೂಜಿ ನಿಲ್ಲುತ್ತಿತ್ತು, ಮತ್ತೆ ನಡೆಯುತ್ತಿತ್ತು.

ಮರುವರ್ಷ ಬೇವೂರಿನಿಂದ ಒಂದು ಗಂಟು ಬಂತು. ನೆಗೆಣ್ಣಿಯ ಸೊಸೆ ಬಸುರಿ. ಕಪ್ಪು ಚಂದ್ರಕಾಳಿ ಸೀರೆ. ತಂದವನ ಕೈಯಲ್ಲಿ ನೆಗೆಣ್ಣಿ ಹೇಳಿ ಕಳಿಸಿದ್ದಳು — ತೊಟ್ಟಿಲು ನೀನೇ ಹಾಕಬೇಕು, ಬೇರೆಯವರ ಕೈ ನನಗೆ ಬೇಡ. ಊರೆಲ್ಲ ಅಂಜಿ ಹಿಂದೆ ಸರಿದಿತ್ತು. ಅವತ್ತು ದವಾಖಾನೆಯಲ್ಲಿ ಜೊತೆಗಿದ್ದು ಎಲ್ಲ ಕಣ್ಣಾರೆ ಕಂಡವಳು ಅಂಜಿರಲಿಲ್ಲ. ಗೆಳತಿ ಸೀರೆಯನ್ನು ಬಿಚ್ಚಲೂ ಇಲ್ಲ. "ಊರಿಗೆಲ್ಲ ಸಾರಿ ಈಗ ಸಮಾಧಾನ ಮಾಡಾಕ ಬಂದಾಳ," ಎಂದು ಗಂಟನ್ನು ಹಾಗೇ ಹಿಂದಕ್ಕೆ ಕಳಿಸಿದಳು. ಕಳಿಸಿ ಬಂದು ನನ್ನ ಕಟ್ಟೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಒಳಗೆ ಹೋಗಲೇ ಇಲ್ಲ. ಕಣ್ಣು ತುಂಬಿತ್ತು.

ಇನ್ನು ತಡೆಯಲಾಗಲಿಲ್ಲ.

"ಆ ಕಥಿ ಬರದಾಕಿ ನಾನ," ಅಂದೆ. "ಪತ್ರಿಕೆಯವರಲ್ಲ. ನೆಗೆಣ್ಣಿ ಅಲ್ಲ. ನಾನು."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. ನನ್ನನ್ನು ನೋಡಿದಳು. ನಾನು ಯಾರೆಂದು ಗುರುತು ಹಿಡಿಯುವವಳ ಹಾಗೆ.

"ನೀವಾ?"

"ನಾನ."

"ನಾ ನಿಮ್ಮನ್ನ ನಂಬಿ ಆಕೀನ್ನ..." ಎಂದು ಶುರುಮಾಡಿ ನಿಲ್ಲಿಸಿದಳು. ಆಮೇಲೆ ಹೇಳಿದ್ದು ಇಷ್ಟೇ: "ಬೇವೂರಿಗೆ ಫೋನ್ ಹಚ್ರಿ. ಆಕೀಗೂ ನೀವ ಹೇಳ್ರಿ."

ಹೇಳಿದೆ. ನೆಗೆಣ್ಣಿ ಅಂದಳು, "ನಾ ನಿಮ್ಮ ಕಟ್ಟಿ ಮ್ಯಾಲೆ ಕುಂತು ಅತ್ತೀನಲ್ರಿ. ಚಾ ಕುಡಿಸಿ ಕಳಿಸಿದ್ರಿ." ಗೆಳತಿ ಫೋನು ಕಸಿದುಕೊಂಡಳು. ಇಬ್ಬರೂ ಒಮ್ಮೆಲೇ ಅಳುತ್ತ, ಜಗಳಾಡುತ್ತ — "ನೀ ನನ್ನ ನಂಬಲಿಲ್ಲಲ್ಲ" "ನೀ ಬಾಗಲಾ ಒಡದು ಬರಬೇಕಾಗಿತ್ತಲ್ಲ" — ಗೆಳತಿ ಕೈ ಬೀಸಿ ನನ್ನನ್ನು ಅತ್ತ ಹೋಗೆಂದಳು. ನನ್ನ ಕಟ್ಟೆಯಿಂದ ನಾನೇ ಎದ್ದು ಒಳಗೆ ಹೋದೆ.

ಅದಾದ ಮೇಲೆ ಅವಳು ಬರುವುದನ್ನು ನಿಲ್ಲಿಸಿದಳು. ಮಧ್ಯಾಹ್ನದ ಹೊತ್ತು ಕಟ್ಟೆ ಖಾಲಿ ಇರುತ್ತಿತ್ತು. ಅವಳ ಗಂಡ ಮಾತ್ರ ಕಾರ್ಖಾನೆಗೆ ಹೋಗುವಾಗ ಮೊದಲಿನಂತೆ "ಬರ್ತೇನ್ರಿ ಸಿಸ್ಟರ್" ಎಂದು ಹೋಗುತ್ತಿದ್ದ. ಆ ಮಾತಿಗಾಗಿ ಬೆಳಿಗ್ಗೆ ಬೇಕೆಂದೇ ಅಂಗಳದಲ್ಲಿ ನಿಂತಿರುತ್ತಿದ್ದೆ.

ಓಣಿಯ ಮನೆಮನೆಗೂ ಹೋದೆ. ನಾನು ಕೊಟ್ಟ ಮಾತು ಮುರಿದೆ ಎಂದು ಹೇಳಿದೆ. ಕೂಸು ತಾಯಿಯ ಹೊಟ್ಟೆಯಲ್ಲಿ ಸಾಯುವುದಕ್ಕೂ ಸೀರೆಗೂ ಕೈಗೂ ಸಂಬಂಧವಿಲ್ಲ, ಇದನ್ನು ಹೇಳುವಷ್ಟು ಹೆರಿಗೆ ನಾನು ನೋಡಿದ್ದೇನೆ ಎಂದೆ. ಆಯಿ ಮೊರ ಕೆಳಗಿಟ್ಟು ಪೂರ್ತಿ ಕೇಳಿದಳು.

"ಅದು ನಮಗೂ ಗೊತ್ತೈತ್ರಿ. ಗೊತ್ತಿದ್ರೂ ಅಂಜಿಕಿ ಬಿಡಂಗಿಲ್ಲ. ಆದ್ರ ಸಿಸ್ಟರ್, ಒಂದ ಹೇಳ್ತೇನಿ. ಹೆಣ್ಣಮಕ್ಕಳು ನಿಮ್ಮಂಥವರ ಮುಂದ ಎಲ್ಲಾ ಬಿಚ್ಚಿ ಮಲಗೇವಿ, ಗಂಡನ ಮುಂದ ಹೇಳಲಾರದ್ದು ಹೇಳೇವಿ. ಇನ್ನ ಹ್ಯಾಂಗ ಹೇಳೂದ್ರಿ?"

ಈ ಮಾತನ್ನು ದಿನಕ್ಕೊಮ್ಮೆಯಾದರೂ ನೆನೆಯುತ್ತೇನೆ.

ಓಣಿಯಲ್ಲಿ ಕೆಲವರು ಗೆಳತಿಯನ್ನು ಮತ್ತೆ ಕುಬಸಕ್ಕೆ ಕರೆಯುತ್ತಾರೆ. ಕೆಲವರು ಇನ್ನೂ ಕರೆಯುವುದಿಲ್ಲ. ಆ ಕಥೆ ಹಾಕಿಕೊಂಡ ತಾಣಗಳಿಗೆ ಬರೆಯುತ್ತ ಬಂದಿದ್ದೇನೆ — ಇದು ನಾನು ಅನುಮತಿಯಿಲ್ಲದೆ ಬರೆದದ್ದು, ದಯವಿಟ್ಟು ತೆಗೆಯಿರಿ. ಒಬ್ಬರು ತೆಗೆದರು, ಒಬ್ಬರು ಉತ್ತರಿಸಲೇ ಇಲ್ಲ. ಇನ್ನೊಬ್ಬರು, ಓದುಗರು ಬಹಳ ಮೆಚ್ಚಿದ್ದಾರೆ, ಯಾಕೆ ತೆಗೆಯಬೇಕು ಎಂದು ಕೇಳಿದರು. ತೆಗೆಯದವರದ್ದು ಕೆಳಗೆ ಹೋಗಬೇಕಾದರೆ ಬೇರೆಯದು ಮೇಲೆ ಬರಬೇಕು. ಅದಕ್ಕೆ ಎರಡೂ ಬದಿ ಒಂದೇ ಥರ ಕಾಣುವ ಗವಂತಿ ಹೊಲಿಗೆ ಹೇಗೆ ಹಾಕುತ್ತಾರೆ, ಚಂದ್ರಕಾಳಿಯನ್ನು ಹೇಗೆ ಒಗೆಯಬೇಕು, ಆನೆಯ ಸೊಂಡಿಲು ಯಾವ ಕಡೆಯಿಂದ ಶುರುವಾಗುತ್ತದೆ ಎಂದು ಒಂದೊಂದಾಗಿ ಬರೆದು ಹಾಕುತ್ತಿದ್ದೇನೆ. ಪ್ರತಿಯೊಂದನ್ನೂ ಅವಳ ಗಂಡನ ಕೈಯಲ್ಲಿ ಕಳಿಸಿ, ಅವಳು ಒಪ್ಪಿದ ಮೇಲೆ. ಹಳೆಯದು ನಿಧಾನವಾಗಿ ಕೆಳಗಿಳಿಯುತ್ತಿದೆ. ಪೂರ್ತಿ ಹೋಗುವುದನ್ನು ನಾನು ನೋಡಲಿಕ್ಕಿಲ್ಲ.

ಇಷ್ಟಕ್ಕೆ ಮುಗಿಯಿತೆಂದು ತಿಳಿದಿದ್ದೆ. ಆದರೆ ಒಂದು ಮಧ್ಯಾಹ್ನ ಗೆಳತಿ ತಾನಾಗಿ ಬಂದಳು. ನೆಗೆಣ್ಣಿ ಮತ್ತೆ ಕಳಿಸಿದ್ದ ಬೇವೂರಿನ ಸೀರೆಗೆ ತೊಟ್ಟಿಲು ಮುಗಿದಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ತನ್ನ ಹಳೆಯ ಜಾಗದಲ್ಲಿ ಕೂತಳು. ನಾನು ಪೇಪರು ಕೆಳಗಿಟ್ಟೆ.

"ಒಂದ ಕೇಳ್ಲೇನ್ರಿ?"

"ಕೇಳು."

"ಆ ಕಥ್ಯಾಗ ಬರದೀರಲ್ಲ, ಕೂಸಿನ ತಲಿತುಂಬ ಕೂದಲ ಇತ್ತು ಅಂತ. ಖರೇನ್ರಿ?"

ಆ ಕಾಲದಲ್ಲಿ ಜೀವವಿಲ್ಲದ ಕೂಸನ್ನು ತಾಯಿಗೆ ತೋರಿಸುತ್ತಿರಲಿಲ್ಲ. ಹಿರಿಯರು ಬೇಡ ಅನ್ನುತ್ತಿದ್ದರು, ನಾವೂ ಬೇಡ ಅನ್ನುತ್ತಿದ್ದೆವು. ಅವಳು ತನ್ನ ಮಗನನ್ನು ನೋಡಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತರೂ ನಾನಾಗಿ ಒಂದು ಮಾತು ಹೇಳಿರಲಿಲ್ಲ, ಅವಳಾಗಿ ಕೇಳಿರಲಿಲ್ಲ. ಮಗನ ಬಗ್ಗೆ ಅವಳಿಗೆ ಸಿಕ್ಕಿದ್ದು ಆ ಒಂದು ಸಾಲು. ಓಣಿಯವರು ಅವಳ ಮೇಲೆ ಎಸೆದ ಕಥೆಯೊಳಗಿಂದ ಅವಳು ಅದನ್ನೊಂದೇ ಆರಿಸಿ ಇಟ್ಟುಕೊಂಡಿದ್ದಳು.

ಮತ್ತು ಅದು ಸುಳ್ಳು. ಆ ಕೂಸಿನ ಮುಖ ನನಗೆ ನೆನಪಿಲ್ಲ. ಸೀರೆ ನೆನಪಿದೆ, ಕೂಸು ನೆನಪಿಲ್ಲ. ಓದುವವರ ಕಣ್ಣೆದುರು ಏನಾದರೂ ನಿಲ್ಲಬೇಕು, ಆಗ ಅವರು ಪುಟ ಬಿಟ್ಟು ಹೋಗುವುದಿಲ್ಲ ಎಂದು ಕಲಿತಿದ್ದೆ. ಅದಕ್ಕೆ ಕೂದಲು.

ಹೌದು ಅನ್ನಬಹುದಿತ್ತು. ಒಂದು ಮಾತು. ಅವಳು ಅದನ್ನು ತೆಗೆದುಕೊಂಡು ಮನೆಗೆ ಹೋಗುತ್ತಿದ್ದಳು. ನಾಲಗೆಯ ತುದಿಗೆ ಬಂದಿತ್ತು ಕೂಡ.

"ನೆನಪಿಲ್ಲ ಯವ್ವಾ," ಅಂದೆ. "ಕೂದಲಿಂದು ನಾ ಕಟ್ಟಿ ಬರದದ್ದು."

ಅವಳು ತೊಟ್ಟಿಲಿನ ಮೇಲೆ ಬೆರಳಾಡಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಮತ್ತೇನ ಗೊತ್ತೈತಿ? ಕಟ್ಟಿದ್ದಲ್ಲ. ಖರೇದು ಹೇಳ್ರಿ."

"ಬಿಸಿನೀರಾಗ ಅರಿವಿ ಅದ್ದಿ ಒರಸೀನಿ. ಜೀವ ಇದ್ದದ್ದು, ಇಲ್ಲದ್ದು ಅಂತ ನಾ ಭೇದ ಮಾಡಿಲ್ಲ. ಒಣಾ ಅರಿವ್ಯಾಗ ಸುತ್ತೀನಿ. ಆಮ್ಯಾಲೆ ನಿಮ್ಮ ಮಾವನ ಕೈಯಾಗ ಕೊಟ್ಟೀನಿ. ಟ್ರೇದಾಗ ಇಟ್ಟು ಒಯ್ದಿಲ್ಲ. ಎತ್ಕೊಂಡ ಹೋಗೀನಿ."

"ನೆನಪಿಲ್ಲ ಅಂದ್ರಿ."

"ನೆನಪಿಲ್ಲ. ಆದ್ರ ಮಾಡೀನಿ. ನನ್ನ ಕೈಗೆ ಬಂದ ಯಾವ ಕೂಸಿಗೂ ಅದನ್ನ ಬಿಟ್ಟಿಲ್ಲ."

ಅವಳು ತಲೆಯಾಡಿಸಿದಳು. ಸೀರೆಯನ್ನು ಮತ್ತೆ ಅದರ ಮಡಿಕೆಗೆ ತಕ್ಕಂತೆ ಮಡಚಿದಳು. ಎದ್ದು ನಿಂತವಳು ಮೆಟ್ಟಿಲ ಬಳಿ ತಡೆದು ತಿರುಗಿದಳು.

"ಕೂದಲ ಇದ್ದಿರಬೇಕು ಬಿಡ್ರಿ," ಅಂದಳು. "ನಮ್ಮ ತವರಮನ್ಯಾಗ ಎಲ್ಲಾ ಕೂಸಿಗೂ ಕೂದಲ ಭಾಳ."

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದು ಅವಳ ಮಗನ ಬಗ್ಗೆ ಅವಳು ಆಡಿದ ಮಾತು. ಅದಕ್ಕೆ ನನ್ನದೇನನ್ನೂ ಸೇರಿಸುವುದಿಲ್ಲ.